ಬಿಳಿ ಪಟಗ, ಕಪ್ಪು ಮುಖ

ಧಾರವಾಡ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಅವ್ವನ ಮೊಣಕಾಲು ಹೇಗಿದೆ, ಎಣ್ಣೆ ತಿಕ್ಕಿಸಿಕೊಳ್ಳುತ್ತಾಳೋ ಇಲ್ಲವೋ, ಅದನ್ನು ಮೊದಲು ತಿಳಿಸು. ಫೋನಿನಲ್ಲಿ ಕೇಳಿದರೆ "ನನಗೇನಾಗೇತಿ" ಅನ್ನುವುದೊಂದೇ ಅವಳ ಮಾತು.

ನೀನು ಕಳಿಸಿದ ಎರಡೂ ಕ್ಯಾಮೆರಾಗಳ ಚಿತ್ರ ನೋಡಿದೆ. ಶೇಂಗಾ ಮಾರಿ, ಬೀಜ ಗೊಬ್ಬರದ ಬಾಕಿ ತೀರಿಸಿ, ಉಳಿದದ್ದನ್ನು ಇದಕ್ಕೆಂದೇ ತೆಗೆದಿಟ್ಟಿದ್ದೀ ಎಂದು ಅವ್ವ ಹೇಳಿದಳು. ಅಂಥ ದುಡ್ಡಿನ ವಿಷಯಕ್ಕೆ ಮೊಬೈಲಿನಲ್ಲಿ ಎರಡು ಸಾಲು ಒತ್ತಿ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ.

ಒಂದು, ಹುಬ್ಬಳ್ಳಿಯ ಅಂಗಡಿಯಲ್ಲಿ ನಿನಗೆ ತೋರಿಸಿದ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್, ಕ್ಯಾನನ್ 1500ಡಿ, 18-55 ಲೆನ್ಸು ಸಮೇತ. ಇನ್ನೊಂದು, ಅದೇ ಕಂಪನಿಯ ಜೇಬಿನ ಕ್ಯಾಮೆರಾ, ಪವರ್‌ಶಾಟ್ ಎಸ್‌ಎಕ್ಸ್ 740. ನಿನ್ನ ಒಲವು ಎರಡನೆಯದರ ಕಡೆ ಇದೆ. "ಗಾಡಿ ಮ್ಯಾಲೆ ಹೊಲಕ್ಕ ಹೋಗುವಾಗ ಕಿಸೇದಾಗ ಇಟ್ಕೊಂಡ ಹೋಗಬಹುದು, ಮಾಗಡಿ ಕೆರಿ ಹಕ್ಕೀನೂ ಸಿಗತಾವು" ಅಂದಿದ್ದೀ. ಎರಡೂ ನಿಜ. ಲೆನ್ಸು ಹಾಕಿದ 1500ಡಿ ಮುಕ್ಕಾಲು ಕಿಲೋಗೆ ತುಸು ಕಡಿಮೆ ತೂಗುತ್ತದೆ. ಅದಕ್ಕೆ ಬೇರೆ ಚೀಲ ಬೇಕು, ಚೀಲಕ್ಕೆ ಹೆಗಲು ಬೇಕು. ಜೇಬಿನದು 300 ಗ್ರಾಂ. ಮಾಗಡಿಯ ಮಾತಿಗೆ ಬಂದರಂತೂ ನಿನ್ನ ಲೆಕ್ಕ ಇನ್ನೂ ಗಟ್ಟಿ. ಆ ಪುಟ್ಟ ಕ್ಯಾಮೆರಾದ 40 ಪಟ್ಟು ಜೂಮು ಕೆರೆಯ ನಟ್ಟನಡುವೆ ಕೂತ ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆಗಳನ್ನೂ ಎಣಿಸುವಷ್ಟು ಹತ್ತಿರ ತರುತ್ತದೆ. 18-55 ಲೆನ್ಸಿಗೆ ಅದೇ ಹಕ್ಕಿ ನೀರ ಮೇಲಿನ ಒಂದು ಬೂದು ಚುಕ್ಕೆ. ಅಷ್ಟು ದೂರ ನೋಡುವ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ತರಬೇಕೆಂದರೆ ಒಂದು ಎಕರೆಯ ಇಡೀ ಬೆಳೆ ಹೋದೀತು.

ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನಮ್ಮ ಎರೆ ಹೊಲಗಳಿಗೆ ಬರುವ ಆ ಪಟ್ಟೆತಲೆ ಹೆಬ್ಬಾತುಗಳ ಮೇಲೆ ನಿನಗಿರುವ ಪ್ರೀತಿ ನನಗೆ ಗೊತ್ತಿಲ್ಲದ್ದೇನಲ್ಲ. 2024ರಲ್ಲಿ ಮಾಗಡಿ ಕೆರೆ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿದಾಗ, ನಿನ್ನ ಹೆಸರೇ ಪೇಪರಿನಲ್ಲಿ ಬಂದ ಹಾಗೆ ಹಿಗ್ಗಿ ಫೋನು ಮಾಡಿದ್ದಿ. ಆದರೂ ಒಂದು ಮಾತು. ಹೆಬ್ಬಾತು ನೋಡಲು ಚೆಂದವಾಗುವುದು ಮುಂಜಾನೆ ಮತ್ತು ಸಂಜೆ, ಹಿಂಡು ಕಟ್ಟಿ ಏಳುವಾಗ, ಇಳಿಯುವಾಗ. ಹಾರುವ ರೆಕ್ಕೆ ನಿಚ್ಚಳವಾಗಿ ಬರಬೇಕೆಂದರೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟರಲ್ಲೇ ಮುಚ್ಚಿಕೊಳ್ಳಬೇಕು. ಜೇಬಿನ ಕ್ಯಾಮೆರಾದ ಲೆನ್ಸು ಜೂಮ್ ಮಾಡಿದಷ್ಟೂ ಬಾಯಿ ಕಿರಿದು ಮಾಡಿಕೊಳ್ಳುತ್ತ ಕೊನೆಗೆ ಎಫ್ 6.9ಕ್ಕೆ ಬಂದು ನಿಲ್ಲುತ್ತದೆ. ಮುಳುಗುವ ಹೊತ್ತಿನ ಬೆಳಕು ಅದಕ್ಕೆ ಸಾಲದು. ಮಧ್ಯಾಹ್ನ ಹಕ್ಕಿ ಸುಮ್ಮನೆ ಕೂತಾಗ ಸಿಕ್ಕೀತು, ಆದರೆ ಆ ಬಿಸಿಲಿನಲ್ಲಿ ಹಿಂದಿನ ಪರದೆಯ ಮೇಲೆ ನಿನ್ನ ಮುಖವೇ ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಕಣ್ಣು ಹಚ್ಚಿ ನೋಡುವ ವ್ಯೂಫೈಂಡರ್ ಅದಕ್ಕಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಮೂಲಕ ನೇರ ಲೆನ್ಸಿನ ಬೆಳಕೇ ಕಣ್ಣಿಗೆ ಬರುವುದರಿಂದ ನಮ್ಮ ಸೀಮೆಯ ಬಿಸಿಲು ಅದನ್ನು ಏನೂ ಮಾಡಲಾರದು.

ಇಷ್ಟಾದರೂ, ಬರೀ ಹಕ್ಕಿಗಾಗಿ ಕೇಳಿದ್ದರೆ "ಜೇಬಿನದನ್ನೇ ತಗೋ" ಎಂದು ಬರೆದು ಮುಗಿಸುತ್ತಿದ್ದೆ. ನನಗೆ ನಿನ್ನಿಂದ ಬೇರೆಯೇ ಒಂದು ಕೆಲಸ ಆಗಬೇಕಿದೆ.

ನನ್ನ ನೌಕರಿ ನಿನಗೆ ಗೊತ್ತಿದೆ, ಆದರೆ ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನಾನು ದಿನಾ ಏನು ನೋಡುತ್ತೇನೆಂದು ನಿನಗೆ ಯಾವತ್ತೂ ಹೇಳಿಲ್ಲ. ಮದುವೆ ಆಲ್ಬಮ್ಮಿನ ಕೆಲಸ ಸುಗ್ಗಿಯಿದ್ದ ಹಾಗೆ, ಬಂದಾಗ ಬರುತ್ತದೆ. ವರ್ಷವಿಡೀ ನಿಲ್ಲದೆ ಬರುವ ಕೆಲಸ ಒಂದೇ. ಹಳ್ಳಿಯಿಂದ ಇಬ್ಬರು ಮೂವರು ಬರುತ್ತಾರೆ, ಹೆಚ್ಚಾಗಿ ತಲೆ ಬೋಳಿಸಿದ ಮಗ ಜೊತೆಗಿರುತ್ತಾನೆ. ಪ್ಲಾಸ್ಟಿಕ್ ಚೀಲದಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಡುತ್ತಾರೆ. "ಇದನ್ನ ದೊಡ್ಡದು ಮಾಡಿ ಕೊಡ್ರಿ, ಕಟ್ಟು ಹಾಕಸಬೇಕು." ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಿರುವ ಆ ಮುಖವನ್ನು ನಾನು 12 ಇಂಚು ಅಗಲ 18 ಇಂಚು ಎತ್ತರಕ್ಕೆ ಎಳೆಯಬೇಕು. ಎಂಟು ಮಕ್ಕಳನ್ನು ಹೆತ್ತ, ಎಪ್ಪತ್ತು ಸುಗ್ಗಿ ಕಂಡ ಹೆಂಗಸಿನ ಇಡೀ ಬಾಳಿಗೆ ಇದ್ದದ್ದು ಅದೊಂದೇ ಚಿತ್ರ. ಅದೂ ಸರದಿಯಲ್ಲಿ ನಿಲ್ಲಿಸಿ, ಸೆರಗು ಸರಿ ಮಾಡಿಕೊಳ್ಳುವ ಮೊದಲೇ ತೆಗೆದದ್ದು.

ಈಗ ಮಸುಕು ಮುಖವನ್ನು ಚಕ್ಕನೆ ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳು ಬಂದಿವೆ. ಅವು ಇಲ್ಲದ ಕಣ್ಣರೆಪ್ಪೆ ಬರೆಯುತ್ತವೆ, ಇಲ್ಲದ ಹಲ್ಲು ಜೋಡಿಸುತ್ತವೆ. ಗಿರಾಕಿಗಳು ಹಿಗ್ಗಿ ಒಯ್ಯುತ್ತಾರೆ, ನಾನು ಬೇಡ ಅನ್ನಲಾರೆ. ಆದರೆ ಅದು ಇನ್ಯಾರದೋ ಮುಖ, ತಮ್ಮಾ. ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ ಅಪ್ಪನ ಫೋಟೋ ಕೂಡ ಓಟಿನ ಕಾರ್ಡಿನಿಂದ ನಾನೇ ಮಾಡಿದ್ದು. ಅಪ್ಪನ ಎಡಹುಬ್ಬಿನ ಮೇಲೆ ಎತ್ತು ತಿವಿದ ಗಾಯದ ಗುರುತು ಇತ್ತಲ್ಲ, ಕಾರ್ಡಿನಲ್ಲಿ ಅದು ಮೂಡಿರಲಿಲ್ಲ. ನೆನಪಿನಿಂದ ಬರೆದು ಸೇರಿಸುವುದು ನನಗೆ ನಿಮಿಷದ ಕೆಲಸ. ಸೇರಿಸಲಿಲ್ಲ. ನಾನು ಬರೆದ ಗಾಯ ಅಪ್ಪನದಾಗುತ್ತಿರಲಿಲ್ಲ.

ಈ ಮುಖಗಳ ಮುಂದೆ ಕೂತಾಗ ನನಗೆ ಒಂದು ಹಳೆಯ ಪುಸ್ತಕ ನೆನಪಾಗುತ್ತದೆ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಫೋಟೋ ಪುಸ್ತಕ ಅಚ್ಚಾಯಿತು. ಪಿಗೂ ಎಂಬ ವೈದ್ಯ, ನೀಲ್, ಕರ್ನಲ್ ಬಿಗ್ಸ್ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಬರೆದ ವಿವರಣೆ. ಫೋಟೋ ವಿದ್ಯೆ ಲೋಕಕ್ಕೆ ತಿಳಿದು ಮೂವತ್ತು ವರ್ಷ ಆಗುವುದರೊಳಗೇ ನಮ್ಮ ಸೀಮೆಯ ಗುಡಿಗಳ ಕಂಬ ಬೋದಿಗೆಗಳಿಗೆ ದಾಖಲೆ ಸಿಕ್ಕಿತು, ಬಹಳ ಒಳ್ಳೆಯ ಮಾತು. ಆ ಗುಡಿಗಳ ನೆರಳಿನಲ್ಲಿ ಬಿತ್ತಿ ಬೆಳೆದವರ ಮುಖಗಳನ್ನು ಮಾತ್ರ ಮುಂದಿನ ನೂರೈವತ್ತು ವರ್ಷ ಯಾರೂ ಕೂತು ನೋಡಲಿಲ್ಲ. ನಮ್ಮೂರು ಯಳವತ್ತಿಯಲ್ಲಿ ಆ ಮುಖಗಳನ್ನು ನೀನು ನೋಡಬೇಕು ಅನ್ನುವುದು ನನ್ನ ಆಸೆ. ಎಪ್ಪತ್ತು ದಾಟಿದ ಪ್ರತಿಯೊಬ್ಬರದೂ, ಅವರವರ ಮನೆಯಲ್ಲಿ, ಅವರಿಗೆ ಬೇಕಾದ ಹಾಗೆ ಕೂತ ಒಂದು ಒಳ್ಳೆಯ ಫೋಟೋ. ಹೆಬ್ಬಾತು ಮುಂದಿನ ವರ್ಷ ಮತ್ತೆ ಬರುತ್ತದೆ.

ಆ ಕೆಲಸಕ್ಕೆ ಡಿಎಸ್‌ಎಲ್‌ಆರ್ ಬೇಕು. ಯಾಕೆಂದು ಹೇಳುತ್ತೇನೆ, ಸಾವಧಾನದಿಂದ ಓದು.

ಚಿತ್ರ ಮೂಡುವುದು ಸೆನ್ಸರಿನ ಮೇಲೆ. 1500ಡಿಯ ಸೆನ್ಸರ್ ಸುಮಾರು 22 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರ. ಜೇಬಿನದರಲ್ಲಿ ಅದು 6 ಮಿಲಿಮೀಟರಿಗೆ ನಾಲ್ಕೂವರೆ. ಕ್ಷೇತ್ರಫಲ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಹನ್ನೆರಡು ಪಟ್ಟು ವ್ಯತ್ಯಾಸ. ಇಲ್ಲಿ ಇಪ್ಪತ್ತು, ಅಲ್ಲಿ ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಎಂದು ಅಂಗಡಿಯವರು ಹೇಳುವ ಸಂಖ್ಯೆಗಳಲ್ಲಿ ಇದು ಕಾಣುವುದಿಲ್ಲ. ನನ್ನ ಪರದೆಯ ಮೇಲೆ ಕಾಣುತ್ತದೆ. ನಮ್ಮ ಹಿರಿಯರ ಮುಖವನ್ನೇ ನೆನೆಸಿಕೋ: ತಲೆಗೆ ತೊಳೆದ ಬಿಳಿ ಪಟಗ, ಅದರ ಕೆಳಗೆ ಬಿಸಿಲುಂಡು ಕಪ್ಪಾದ ಹಣೆ, ಇನ್ನೂ ಕೆಳಗೆ ಗುಳಿಬಿದ್ದ ಕಣ್ಣು. ಚಿಕ್ಕ ಸೆನ್ಸರಿನ ಫೈಲಿನಲ್ಲಿ ಪಟಗ ಉಳಿದರೆ ಕಣ್ಣು ಕತ್ತಲಾಗಿರುತ್ತದೆ. ಕಣ್ಣು ಬಂದರೆ ಪಟಗದ ಮಡಿಕೆಗಳೆಲ್ಲ ಸುಟ್ಟು ಬರೀ ಬಿಳಿ ಕಾಗದ. ಕತ್ತಲಾದ ಕಣ್ಣನ್ನು ಕಂಪ್ಯೂಟರಿನಲ್ಲಿ ಎತ್ತಲು ಹೋದರೆ ಮುಖದ ತುಂಬ ಮರಳು ಎರಚಿದಂತೆ ಕಾಳು ಕಾಳು ಏಳುತ್ತದೆ. ದೊಡ್ಡ ಸೆನ್ಸರಿನಲ್ಲಿ ಎರಡೂ ಉಳಿಯುತ್ತವೆ. ಅದರಲ್ಲೂ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ತಿದ್ದದೆ ಇಟ್ಟುಕೊಳ್ಳುವ ಫೈಲಿನಲ್ಲಿ ತೆಗೆದರೆ ಕತ್ತಲೊಳಗಿಂದ ನಾನು ಬಹಳಷ್ಟನ್ನು ಹೊರಗೆ ತರಬಲ್ಲೆ. ನೀನು ಮೆಚ್ಚಿದ ಜೇಬಿನ ಕ್ಯಾಮೆರಾ ರಾ ಕೊಡುವುದೇ ಇಲ್ಲ, ಜೆಪೆಗ್ ಅಷ್ಟೇ. ಮೊಬೈಲಿನದೂ ಚಿಕ್ಕ ಸೆನ್ಸರೇ. ಅದು ಹಲವು ಚಿತ್ರ ಕೂಡಿಸಿ ಜಾಣತನದಿಂದ ತುಂಬಿಕೊಳ್ಳುತ್ತದೆ, ಮತ್ತು ಕೇಳದೆಯೇ ಚರ್ಮ ನುಣುಪು ಮಾಡುತ್ತದೆ. ನಮ್ಮ ದೊಡ್ಡವ್ವನ ಮುಖದ ಗೆರೆ ಅಳಿಸಿದರೆ ಉಳಿಯುವುದೇನು?

ಜೊತೆಗೆ ಬರುವ 18-55 ಲೆನ್ಸನ್ನು ಮಾತ್ರ ನೆಚ್ಚಬೇಡ. 55ರ ತುದಿಯಲ್ಲಿ ಅದು ಎಫ್ 5.6ಕ್ಕಿಂತ ಹೆಚ್ಚು ಬಾಯಿ ತೆರೆಯದು. ಕ್ಯಾನನ್‌ನ 50 ಎಂಎಂ ಎಫ್ 1.8 ಲೆನ್ಸು ಅಂಗೈಯಲ್ಲಿ ಕೂಡುವಷ್ಟು ಚಿಕ್ಕದು, ಅವರ ಅಗ್ಗದ ಲೆನ್ಸುಗಳಲ್ಲೊಂದು, ಮತ್ತು ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು ಒಳಗೆ ಬಿಡುತ್ತದೆ. ಅಂಗಡಿಯಲ್ಲಿ ಹಳೆ ಕ್ಯಾಮೆರಾದ ಬೆಲೆ ಇಳಿಸಿ ಉಳಿಸಿದ ದುಡ್ಡಿನಲ್ಲಿ ಅದನ್ನು ತಗೋ. ಸಾಲದಿದ್ದರೆ ನಾನು ಹಾಕುತ್ತೇನೆ, ಅದರಲ್ಲಿ ಸಂಕೋಚ ಬೇಡ. ಅಂಗಡಿಯವರು ಅಗ್ಗಕ್ಕೆಂದು ನಿಕಾನ್ ಡಿ 3500 ತೋರಿಸಿದರೆ ಅದೂ ಒಳ್ಳೆಯದೇ. ಅದರ ಬ್ಯಾಟರಿ ಒಂದು ಚಾರ್ಜಿಗೆ 1500 ಚಿತ್ರ ದಾಟುತ್ತದೆ, ಕರೆಂಟು ಕೈಕೊಡುವ ಊರಿಗೆ ಅದು ಸಣ್ಣ ಮಾತಲ್ಲ. ಆದರೆ ಅದರ ಒಡಲಲ್ಲಿ ಫೋಕಸ್ ಮೋಟಾರು ಇಲ್ಲ. ಹಳೆಯ ಎಎಫ್-ಡಿ ಲೆನ್ಸು ಕೊಂಡರೆ ಪ್ರತಿ ಸಲ ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಎಎಫ್-ಎಸ್ ಎಂದು ಬರೆದದ್ದನ್ನೇ ಕೇಳು.

"ಹಳೇ ಜಮಾನಾದ ಮಾಲು, ಈಗ ಎಲ್ಲಾ ಮಿರರ್‌ಲೆಸ್" ಎಂದು ಗೆಳೆಯರು ಹೇಳಿಯಾರು. ಹೌದು, ಮದುವೆ ಫೋಟೋದವರೆಲ್ಲ ಆ ಕಡೆ ಹೊರಳಿದ್ದಾರೆ, ನಿಕಾನ್ ಡಿ 3500ರ ತಯಾರಿಕೆಯೇ ನಿಂತಿದೆ. ನಿನ್ನ ಕೈಗೆ ಇವು ಎಟುಕುತ್ತಿರುವುದೇ ಆ ಕಾರಣಕ್ಕೆ. ಕ್ಯಾಮೆರಾ ಹಳೆಯದಾಯಿತೆಂದು ಅದು ತೆಗೆದ ಮುಖ ಹಳೆಯದಾಗುವುದಿಲ್ಲ.

ಕೊಳ್ಳುವ ಮುಂಚೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳು. ಈ ದರ್ಜೆಯವು ಒಂದು ಲಕ್ಷದ ಆಸುಪಾಸು ಬಾಳುತ್ತವೆ. ಎಫ್ 16ಕ್ಕೆ ಇಟ್ಟು ಬರಿ ಆಕಾಶದ ಒಂದು ಚಿತ್ರ ತೆಗೆದು, ದೊಡ್ಡದು ಮಾಡಿ ನೋಡು. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರ್ ಮೇಲೆ ಧೂಳು ಕೂತಿದೆ, ಸ್ವಚ್ಛ ಮಾಡಿ ಕೊಡಲು ಹೇಳು. ಜೇಬಿನ ಕ್ಯಾಮೆರಾಕ್ಕೆ ಈ ರಗಳೆ ಕಡಿಮೆ, ಲೆನ್ಸು ಬಿಚ್ಚುವ ಹಾಗೇ ಇಲ್ಲವಲ್ಲ. ನೀನು ಮಾತ್ರ ಹೊಲದಲ್ಲಿ, ರಾಶಿ ಮಾಡುವ ಕಣದಲ್ಲಿ ಎಂದೂ ಲೆನ್ಸು ಬದಲಿಸಬೇಡ. 50 ಹಾಕಿದ್ದನ್ನು ಹಾಕಿಯೇ ಇರು.

ಇನ್ನು ನೀನು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತಿದೆ. ದೊಡ್ಡ ಕ್ಯಾಮೆರಾ ಕಂಡರೆ ಮಂದಿ ಬಿಗಿಯಾಗುತ್ತಾರೆ, ಚಿಕ್ಕದಾದರೆ ಗೊತ್ತಾಗದ ಹಾಗೆ ಸಹಜವಾಗಿ ತೆಗೆಯಬಹುದು ಅಂದಿದ್ದೀ. ನಾನು ಇದನ್ನು ಒಪ್ಪುವುದಿಲ್ಲ. ಗೊತ್ತಾಗದ ಹಾಗೆ ತೆಗೆಸಿಕೊಳ್ಳುವುದು ಯಾವ ಅಜ್ಜಿಗೂ ಬೇಕಿಲ್ಲ. ಕ್ಯಾಮೆರಾ ಕಂಡ ಕೂಡಲೇ ಅವ್ವ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು, ಕುಂಕುಮ ತಿದ್ದಿ ಬರುತ್ತಾಳೆ, ಬರಲಿ. ತನ್ನನ್ನು ಮೊಮ್ಮಕ್ಕಳು ಹೇಗೆ ನೋಡಬೇಕು ಅನ್ನುವುದನ್ನು ಹೇಳುವ ಹಕ್ಕು ಅವಳದು. ಕಾರ್ಡಿನ ಸರದಿಯಲ್ಲಿ ಆ ಹಕ್ಕನ್ನು ಅವಳಿಗೆ ಯಾರೂ ಕೊಡಲಿಲ್ಲ. ದೊಡ್ಡ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗಿ, ಜಗಲಿಯ ಮೇಲೆ ಕೂತು, ಚಹಾ ಕುಡಿದು, ಕೇಳಿ ತೆಗೆ. ಬಿಗಿದ ಮುಖ ನಾಲ್ಕನೆಯದೋ ಐದನೆಯದೋ ಫೋಟೋಕ್ಕೆ ತಾನಾಗಿ ಸಡಿಲುತ್ತದೆ.

ಫ್ಲ್ಯಾಶ್ ಹಾಕಬೇಡ. ಮುಂಜಾನೆ ಎಂಟು ಒಂಬತ್ತರ ಹೊತ್ತಿಗೆ ಪಡಸಾಲೆಯಲ್ಲಿ ತಲಬಾಗಿಲಿನಿಂದ ಎರಡು ಮಾರು ಒಳಗೆ, ಬಾಗಿಲಿಗೆ ಓರೆಯಾಗಿ ಕೂಡಿಸು. ನೀನು ಏಳೆಂಟು ಅಡಿ ದೂರ ನಿಲ್ಲು. ಎಫ್ 2.8, ಐಎಸ್ಒ 800, ಶಟರ್ ಸೆಕೆಂಡಿನ 125ರಲ್ಲಿ ಒಂದು ಭಾಗ. ಇಲ್ಲಿಂದ ಶುರು ಮಾಡಿ ಬೆಳಕು ನೋಡಿ ಹೆಚ್ಚು ಕಡಿಮೆ ಮಾಡಿಕೋ. 1.8ಕ್ಕೇ ತೆರೆದಿಟ್ಟರೆ ಕಣ್ಣು ಬಂದು ಕಿವಿ ಮಸುಕಾಗುತ್ತದೆ, ಬುಗುಡಿ ಬೆಂಡೋಲೆ ಕಾಣದೆ ಹೋಗುತ್ತವೆ, ಅವು ಬೇಕು. ನಿನಗೆ ಹತ್ತಿರವಿರುವ ಕಣ್ಣಿನ ಮೇಲೆ ಫೋಕಸ್ ಇಡು. ಕೈಗಳೂ ಬರುವ ಹಾಗೆ ಒಂದು ಬೇರೆ ತೆಗೆ.

ಮೊದಲು ನಮ್ಮ ದೊಡ್ಡವ್ವನಿಂದ ಶುರು ಮಾಡು. ಆಮೇಲೆ ಭಜನೆಯಲ್ಲಿ ಏಕತಾರಿ ಹಿಡಿಯುವ ಅಜ್ಜ, ಆಮೇಲೆ ಸೂಲಗಿತ್ತಿ ಅಜ್ಜಿ. ನಿನ್ನನ್ನೂ ನನ್ನನ್ನೂ ಈ ಲೋಕಕ್ಕೆ ಮೊದಲು ಎತ್ತಿಕೊಂಡವಳು ಅವಳೇ. ಓಣಿ ಓಣಿ ಹೆಸರು ಬರೆದುಕೋ. ಎಳ್ಳಮಾಸಿಗೆ ಚರಗ ಚೆಲ್ಲಲು ನಾನು ಬರುತ್ತೇನೆ, ಅಷ್ಟರಲ್ಲಿ ಒಂದು ಓಣಿಯಾದರೂ ಮುಗಿದಿರಲಿ. ಮೆಮೊರಿ ಕಾರ್ಡು ನನ್ನ ಕೈಗೆ ಕೊಡು. ಫೈಲು ತಿದ್ದುವುದು, ಪ್ರಿಂಟು ಹಾಕಿಸುವುದು ನನ್ನ ಪಾಲಿಗಿರಲಿ, ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಮನೆಗೆ ಮುಟ್ಟಿಸೋಣ.

ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಕ್ಕ

ತಾ.ಕ.: ಬ್ಯಾಟರಿ ಇನ್ನೊಂದು ಹೆಚ್ಚಿಗೆ ಕೇಳಿ ತಗೋ, ಕಂಪನಿಯದೇ ಇರಲಿ. ಮಾಗಡಿಗೆ ಹೋಗುವಾಗಲೂ ಕ್ಯಾಮೆರಾ ಒಯ್ಯಿ. 50ರ ಲೆನ್ಸಿಗೆ ಒಂದು ಹಕ್ಕಿ ಸಿಗುವುದಿಲ್ಲ, ಇಡೀ ಹಿಂಡು, ಕೆರೆ, ಅದರ ಮೇಲಿನ ಆಕಾಶ ಸಿಗುತ್ತವೆ. ನನಗೆ ಅದನ್ನೂ ಒಂದು ಕಳಿಸು.