ಒಡೆದರೇ ಅನ್ನ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅಂತ ಗಾದೆ ಕಟ್ಟಿದವನು ಖಂಡಿತ ಕುಂಬಾರನಲ್ಲ. ಆ ದೊಣ್ಣೆಯೇ ಇಲ್ಲದಿದ್ದರೆ ಕುಂಬಾರನ ಮನೆಯ ಒಲೆ ಉರಿಯುವುದು ಹೇಗೆ? ಕಾಫಿ ಕಪ್ಪು, ಮೊಸರಿನ ಬೋಗುಣಿ, ಉಪ್ಪಿನಕಾಯಿ ಜಾಡಿ ಮಾಡಿ ಹೊಟ್ಟೆ ಹೊರೆಯುವ ನನಗೆ ಇಷ್ಟು ಕೇಳುವ ಹಕ್ಕಿದೆ.

ಹಳೆಯ ಹಳ್ಳಿಯ ಲೆಕ್ಕವೇ ಹಾಗಿತ್ತು. ಬಡಗಿ, ಕಮ್ಮಾರರ ಜೊತೆ ಕುಂಬಾರನೂ ಆಯಗಾರ. ವರ್ಷವಿಡೀ ಮನೆಮನೆಗೆ ಗಡಿಗೆ, ಕುಡಿಕೆ, ಹಣತೆ ಒದಗಿಸಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿಯೋ ಜೋಳವೋ ಅಳೆದು ಹಾಕುತ್ತಿದ್ದರು. ಮದುವೆಯಾದರೆ ಐರಣಿ ಕೊಡ ತರಲು ವಾಲಗದ ಸಮೇತ ಅವನ ಮನೆಗೇ ಬರಬೇಕು. ಸಾವಾದರೂ ಮಡಕೆ ಬೇಕು, ಒಡೆಯುವುದಕ್ಕೇ ಬೇಕು. ಸೂತಕ, ಗ್ರಹಣ ಅಂತ ಹಳೆಯ ಮಡಕೆ ಆಚೆ ಹೋಗುತ್ತಿತ್ತು. ಮಡಕೆ ಬಾಳದಿದ್ದರೇ ಅವನ ಬಾಳು. ಆಮೇಲೆ ಅಲ್ಯೂಮಿನಿಯಂ, ಸ್ಟೀಲು ಬಂದವು. ಅವು ಬಿದ್ದರೆ ಸದ್ದಾಗುತ್ತದೆ, ಅಷ್ಟೆ.

ನನ್ನದು ಕುಲಕಸುಬಲ್ಲ. ತಿಗರಿಯ ಮುಂದೆ ಕೂತದ್ದು ಕಾಲೇಜು ಮುಗಿದ ಮೇಲೆ, ಪುದುಚೇರಿಯಲ್ಲಿ ಕಲಿತು ಬಂದಿದ್ದ ಒಬ್ಬರ ಹತ್ತಿರ. ಅಲ್ಲಿ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ 1971ರಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಶುರುಮಾಡಿದ್ದರು. ಸ್ಟೋನ್‌ವೇರ್ ಹುಚ್ಚು ಎಷ್ಟೋ ಜನಕ್ಕೆ ಹತ್ತಿದ್ದು ಅಲ್ಲಿಂದಲೇ. ಸ್ಟೋನ್‌ವೇರ್ ಅಂದರೆ ಸುಮಾರು 1250ರಿಂದ 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದ ಮಣ್ಣು. ಹಳ್ಳಿಯ ಆವಿಗೆಯ ಕಾವು ಸಾವಿರ ದಾಟುವುದೇ ಅಪರೂಪ, ಅದಕ್ಕೇ ಆ ಮಡಕೆ ನೀರು ಜಿನುಗಿಸಿ ತಂಪಾಗಿಡುತ್ತದೆ. ನಮ್ಮದು ನೀರು ಕುಡಿಯುವುದಿಲ್ಲ, ಸುಲಭಕ್ಕೆ ಒಡೆಯುವುದೂ ಇಲ್ಲ. ವ್ಯಾಪಾರದ ದೃಷ್ಟಿಯಿಂದ ಶುದ್ಧ ಅವಿವೇಕ.

ಕಪ್ಪು ಮಾಡುವುದರಲ್ಲಿ ನನಗೆ ಇಷ್ಟದ ಕೆಲಸ ಹಿಡಿ ಎಳೆಯುವುದು. ಉಗುರು ಒತ್ತಿದರೆ ಗುರುತು ಬೀಳಬೇಕು, ಎತ್ತಿದರೆ ಆಕಾರ ಕೆಡಬಾರದು, ಅಷ್ಟು ಆರುವ ತನಕ ಕಪ್ಪನ್ನು ಬಿಡಬೇಕು. ಆಮೇಲೆ ಎಡಗೈಯಲ್ಲಿ ಒಂದು ಮುದ್ದೆ ಮಣ್ಣು ಇಳಿಬಿಟ್ಟು, ಬಲಗೈ ನೀರಿಗೆ ಅದ್ದಿ ಅದ್ದಿ, ಹಸುವಿನ ಹಾಲು ಕರೆಯುವ ಹಾಗೆ ಕೆಳಕ್ಕೆ ಜಗ್ಗುತ್ತಾ ಹೋದರೆ ಪಟ್ಟಿ ಇಳಿಯುತ್ತದೆ. ಅಂಟಿಸುವ ಜಾಗವನ್ನು ಎರಡೂ ಕಡೆ ಗೀರಿ, ಮಣ್ಣಿನ ಗಂಜಿ ಸವರಿ ಕೂಡಿಸಬೇಕು. ಕಪ್ಪು ತೀರಾ ಆರಿ ಹಿಡಿ ಮಾತ್ರ ಹಸಿಯಾಗಿದ್ದರೆ ಬಿರುಕು ಗ್ಯಾರಂಟಿ. ಒಣಗಿ, ಎರಡು ಸಲ ಬೆಂದು ಹೊರಬರುವಷ್ಟರಲ್ಲಿ ನನ್ನ ಮಣ್ಣು ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. ಎರಡು ಬೆರಳು ತೂರಬೇಕಾದರೆ ಹಸಿಯಲ್ಲಿ ಎರಡೂಕಾಲು ಬೆರಳಿನ ಸಂದು ಬಿಡಬೇಕು.

ಇಷ್ಟೆಲ್ಲ ಬೆರಳಿನ ಲೆಕ್ಕ ಹಾಕಿ ಮಾಡಿದ ಕಪ್ಪನ್ನು ಕೊಂಡವರು ಷೋಕೇಸಿನಲ್ಲಿ ಇಡುತ್ತಾರೆ. “ಬಳಸೋಕೆ ಮನಸ್ಸೇ ಬರಲ್ಲ ಸಾರ್, ಅಷ್ಟು ಚೆನ್ನಾಗಿದೆ!” ಹೊಗಳಿಸಿಕೊಂಡು ಸಂಕಟಪಡುವ ಕಸುಬು ಇನ್ನೊಂದಿರಲಾರದು.

ಕ್ಯೋಟೋದ ದೈತೊಕುಜಿ ಮಠದಲ್ಲಿ ಕಿಝಾಯೆಮೊನ್ ಎಂಬ ಬಟ್ಟಲೊಂದಿದೆ. ಕೊರಿಯಾದ ಯಾರೋ ಹೆಸರಿಲ್ಲದ ಕುಂಬಾರ ಮಾಡಿದ್ದು. ಅದು ಜಪಾನಿನ ಚಹಾ ಗುರುಗಳ ಕಣ್ಣಿಗೆ ಬಿದ್ದು, ರಾಷ್ಟ್ರೀಯ ಸಂಪತ್ತಾಗಿ, ಈಗ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಲ್ಲಿ ಕೂತಿದೆ. 1931ರಲ್ಲಿ ಅದನ್ನು ಕಂಡ ಜಪಾನಿನ ಕಲಾಚಿಂತಕ ಯಾನಗಿ ಸೊಎತ್ಸು ಇದು ಬಡವರ ಅನ್ನದ ಬಟ್ಟಲು ಎಂದರು. ನಿತ್ಯಬಳಕೆಯ ಸಾಮಾನಿನಲ್ಲೇ ಚೆಲುವಿದೆ ಎಂಬ ತಮ್ಮ ವಾದಕ್ಕೆ ಅದನ್ನೇ ಸಾಕ್ಷಿಗೆ ಕರೆದರು. ವಾದ ಒಪ್ಪಿದೆ. ಆದರೆ ಆ ಬಟ್ಟಲು ಅನ್ನದ ಮುಖ ನೋಡಿ ಎಷ್ಟು ಕಾಲವಾಯಿತೋ! ಯಾನಗಿಯವರ ಗೆಳೆಯ ಬರ್ನಾರ್ಡ್ ಲೀಚ್ ಈ ವಿಷಯದಲ್ಲಿ ಹೆಚ್ಚು ಲೌಕಿಕರು. ಜಪಾನಿನ ಕುಂಬಾರ ಹಮಾಡಾ ಷೋಜಿ ಜೊತೆ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಅವರು ಹೂಡಿದ ಪಾಟರಿಯನ್ನು ಮುಂದೆ ಸಾಕಿದ್ದು ಕ್ಯಾಟಲಾಗು ನೋಡಿ ಜನ ತರಿಸಿಕೊಳ್ಳುತ್ತಿದ್ದ ಜಗ್ಗು, ತಟ್ಟೆ, ಸೂಪಿನ ಬಟ್ಟಲು.

ನನ್ನನ್ನು ಸಾಕುತ್ತಿರುವುದು ಪೇಟೆಯ ಒಂದು ಕಾಫಿ ಹೋಟೆಲು. ಅಲ್ಲಿ ತೊಳೆಯುವಾತ ಕಪ್ಪುಗಳನ್ನು ಸಿಂಕಿಗೆ ಇಳಿಸುವುದಿಲ್ಲ, ಸುರಿಯುತ್ತಾನೆ. ಯಜಮಾನರು ಆಗಾಗ ಫೋನು ಮಾಡಿ ಬೈದು, ಕೊನೆಗೆ ಇನ್ನೆರಡು ಡಜನ್ ಹೇಳುತ್ತಾರೆ. ಮೊನ್ನೆ, “ಏನ್ರೀ, ಹಿಡಿ ಒಂಚೂರು ದಪ್ಪ ಮಾಡಬಾರದಾ?” ಅಂದರು.

“ಮಾಡೋಣ ಬಿಡಿ ಸಾರ್” ಅಂದೆ. ಮಾಡುತ್ತಿದ್ದೇನೆ, ಒಂಚೂರೇ.