ಸತ್ತ ಸಿಪಿಯು, ಮುಳುಗಿದ ಓಣಿ: ಕೆಲವು ಟಿಪ್ಪಣಿಗಳು

ನವನಗರ, ಬಾಗಲಕೋಟೆ

ರಿಪೇರಿ ಅಂಗಡಿಯ ಮೂಲೆಯಲ್ಲಿ ಹಳೆ ಸಿಪಿಯುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಬೆನ್ನಿಗೆ ಮಾರ್ಕರ್ ಪೆನ್ನಿನಲ್ಲಿ ಅಡ್ಡಹೆಸರು, ಸೆಕ್ಟರ್ ನಂಬರು. ಇಟ್ಟುಹೋದವರು ತಿರುಗಿ ಬಂದಿಲ್ಲ. ಯಾಕೆಂದು ಕೇಳಿದೆ. "ಬೋರ್ಡ್ ಹೋಗೇತಿ, ರಿಪೇರಿಗಿಂತ ಹೊಸಾದು ಸಸ್ತಾ ಬೀಳತೈತಿ ಅಂದ್ವಿರೀ. ಹೂಂ ಅಂದು ಹೋದ್ರು." ಒಳಗಿನ ಫೋಟೊ, ಕಾಗದಪತ್ರ? "ಅದನ್ನ ಯಾರೂ ಕೇಳಂಗಿಲ್ರೀ ಸರ್. ಕೇಳಿದ್ರ ತಗದು ಕೊಡ್ತಿದ್ವಿ."

ಯಾರೂ ಕೇಳದಿರುವುದೇ ನನಗೆ ಬಗೆಹರಿಯದ ಸಂಗತಿ. ಸಾಮಾನ್ಯವಾಗಿ ಕರೆಂಟು ಪೂರೈಸುವ ಎಸ್‌ಎಂಪಿಎಸ್ ಸುಡುತ್ತದೆ, ಇಲ್ಲವೇ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ನೆತ್ತಿ ಉಬ್ಬಿ ಒಡೆಯುತ್ತವೆ. 2000ರ ನಂತರದ ಕೆಲವು ವರ್ಷ ತಯಾರಾದ ಬೋರ್ಡುಗಳಿಗೆ ಕಳಪೆ ಕೆಪಾಸಿಟರ್ ಜಗತ್ತಿನಾದ್ಯಂತ ಅಂಟಿದ್ದ ರೋಗ. ಅದರ ಮೇಲೆ ನಮ್ಮ ಬೇಸಗೆಯ ವೋಲ್ಟೇಜ್ ಏರಿಳಿತ. ಆದರೆ ಎಸ್‌ಎಂಪಿಎಸ್, ಬೋರ್ಡು ಎರಡರಲ್ಲೂ ನಮ್ಮದೇನೂ ಇರುವುದಿಲ್ಲ. ನಮ್ಮದೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಬಿಚ್ಚಿ, ಕನ್ವರ್ಟರ್ ಕೇಬಲ್‌ಗೆ ಸಿಕ್ಕಿಸಿ, ಬೇರೆ ಕಂಪ್ಯೂಟರಿನ ಯುಎಸ್‌ಬಿಗೆ ಹಾಕಿದರೆ ಬಹಳಷ್ಟು ಸಲ ಎಲ್ಲವೂ ಇದ್ದ ಹಾಗೇ ಇರುತ್ತದೆ. ಅಗಲ ಪಟ್ಟಿಯ ಕೇಬಲ್ಲಿನ ಹಳೆ ಡಿಸ್ಕಾದರೆ ಐಡಿಇ ಇರುವ ಕನ್ವರ್ಟರ್ ಬೇಕು, ಆಮೇಲಿನದಾದರೆ ಸಾಟಾ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗೆ 12 ವೋಲ್ಟಿನ ಅಡಾಪ್ಟರ್ ಜೊತೆಗೇ ಇರಬೇಕು. ಅದಿಲ್ಲದೆ ಡಿಸ್ಕ್ ತಿರುಗದೇ ಇದ್ದಾಗ "ಡಿಸ್ಕೂ ಹೋಗೇತಿ" ಎಂದು ತೀರ್ಪು ಕೊಟ್ಟುಬಿಡುವುದನ್ನು ಕಂಡಿದ್ದೇನೆ.

ಇನ್ನೊಂದು ಮಾತು ನಾನು ಸುತ್ತಿದ ನಾಲ್ಕೂ ಊರುಗಳಲ್ಲಿ ಕೇಳಿದೆ: "ಸಿ ಡ್ರೈವ್ ಫಾರ್ಮ್ಯಾಟ್ ಹೊಡ್ಯೂಣ, ಡಿ ಡ್ರೈವ್‌ನಾಗಿಂದು ಏನೂ ಆಗಂಗಿಲ್ಲ." ಮಾತು ನಿಜ. ಆದರೆ ಡೆಸ್ಕ್‌ಟಾಪ್ ಮೇಲೆ ಕಾಣುವುದು, ಮೈ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಎಲ್ಲ ಇರುವುದು ಸಿ ಡ್ರೈವ್‌ನಲ್ಲಿ. ಮನೆಯವರಿಗೆ ಅದು ಗೊತ್ತಿಲ್ಲ, ಅಂಗಡಿಯವರು ಕೇಳುವುದಿಲ್ಲ. ಹೀಗಾಗಿ ಹೋಗಬಾರದ್ದು ಹೋಗುತ್ತದೆ.

ಬಾದಾಮಿ

ಊರೂರ ಜಾತ್ರೆಗೆ ಸಾಮಾಜಿಕ ನಾಟಕ ಬರೆದುಕೊಡುವ ಹಿರಿಯರೊಬ್ಬರ ಮನೆ. ಬನಶಂಕರಿ ಜಾತ್ರೆ ಬಂದರೆ ನಾಟಕ ಕಂಪನಿಗಳೆಲ್ಲ ಬಂದು ಡೇರೆ ಹೊಡೆಯುವ ಸೀಮೆ ಇದು. ನಾಟಕ ಬರೆಯುವವರಿಗೇನು ಕಡಿಮೆ. ಇವರು ಪದ, ಸಂಭಾಷಣೆ ಎಲ್ಲವನ್ನೂ ಸ್ವತಃ ಟೈಪು ಮಾಡಿದವರು. ಕಂಪ್ಯೂಟರ್ ಸತ್ತ ಮೇಲೆ ಮಗಳು ಡಿಸ್ಕ್ ಬಿಚ್ಚಿಸಿ ಫೈಲು ತಂದುಕೊಟ್ಟಿದ್ದಾಳೆ. ತೆರೆದರೆ ಒಂದಕ್ಷರವೂ ಕನ್ನಡವಿಲ್ಲ. "ವೈರಸ್ ತಿಂದೇತ್ರೀ, ಡಿಲೀಟ್ ಮಾಡ್ರಿ ಅಂದ್ರು," ಎಂದು ಮಗಳು ಹೇಳಿದಳು. ಪುಣ್ಯಕ್ಕೆ ಮಾಡಿರಲಿಲ್ಲ.

ನಾನು ಆ ಪರದೆಯನ್ನು ಬಹಳ ಹೊತ್ತು ನೋಡಿದೆ. ಒಂದು ಪದ ಹೀಗಿತ್ತು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆ ಗೀಟಿರುವ ದೊಡ್ಡ ಎ, ಪೌಂಡ್ ಹಣದ ಗುರುತು, ಮತ್ತದೇ ಗೀಟಿನ ಎ, ಜರ್ಮನ್ನರ ಎಸ್ಸೆಟ್ ಅಕ್ಷರ, ಸಣ್ಣ ಕ್ಯೂ, ಮತ್ತೊಮ್ಮೆ ಗೀಟಿನ ಎ. ಅದು 'ಕನ್ನಡ'. ತಲೆಕಟ್ಟಿಲ್ಲದ ಕ ಪಿಯ ಮನೆಯಲ್ಲಿ ಕೂತಿದೆ, ನ ಪೌಂಡಿನ ಮನೆಯಲ್ಲಿ, ಡ ಕ್ಯೂ ಮನೆಯಲ್ಲಿ. ಎಸ್ಸೆಟ್ ಎಂದರೆ ನ ಒತ್ತು. ಗೀಟಿನ ಎ ಮತ್ತೆ ಮತ್ತೆ ಬರುವುದೇಕೆಂದರೆ ಅದು ತಲೆಕಟ್ಟು! ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಇವುಗಳ ಹಳೆಯ ಫಾಂಟುಗಳು ಕೆಲಸ ಮಾಡುತ್ತಿದ್ದದ್ದು ಹೀಗೆ: ಇಂಗ್ಲಿಷ್ ಮತ್ತಿತರ ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಿಟ್ಟ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ. ಲಿಪಿಗಳಿಗೆಲ್ಲ ಅವುಗಳದೇ ಸ್ಥಾನ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ತನ್ನದೇ ಸ್ಥಾನಗಳು ಸಿಕ್ಕಿದ್ದವು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಕೂಡ ಬಂತು. ಆದರೂ ನಮ್ಮ ಡಿಟಿಪಿ ಅಂಗಡಿ, ಕಚೇರಿ, ಮನೆಗಳಲ್ಲಿ ವರ್ಷಗಟ್ಟಲೆ ನಡೆದದ್ದು ಹಳೆ ನುಡಿಯೇ.

ಅಂದರೆ ನಾಟಕಕ್ಕೆ ಏನೂ ಆಗಿರಲಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಇದೆ. ಹಾಕಿದೆವು, ಬಂತು. ಅರ್ಕಾವತ್ತು, ಒತ್ತಕ್ಷರ ಕೆಲವೆಡೆ ಜಾಗ ತಪ್ಪಿದ್ದವು; ಹಿರಿಯರೇ ಕೂತು ತಿದ್ದುತ್ತಿದ್ದಾರೆ. ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ್ದ ಒಂದು ನಾಟಕ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಆ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ ಬಂದದ್ದೇ 2001ರಲ್ಲಿ. ಕೊನೆಗೆ ಲಿಬ್ರೆ ಆಫೀಸಿನ ಡ್ರಾನಲ್ಲಿ ತೆರೆದುಕೊಂಡಿತು. ಪುಟವೆಲ್ಲ ಚೆಲ್ಲಾಪಿಲ್ಲಿ, ಆದರೆ ಅಕ್ಷರ ಇದ್ದವು, ನುಡಿಯ ಕನ್ವರ್ಟರಿಗೆ ಒಪ್ಪಿದವು.

ಈ ಜಿಲ್ಲೆಯಲ್ಲಿ ಹೀಗೆ "ವೈರಸ್" ಎಂದು ಅಳಿಸಿಹೋದ ಕನ್ನಡ ಎಷ್ಟಿರಬಹುದು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಹುನಗುಂದ

ಮಲಪ್ರಭೆಯ ದಂಡೆಯ ಹಳ್ಳಿಯ ಒಂದು ಮನೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ನೆರೆಯನ್ನು ಇಲ್ಲಿ ಯಾರೂ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಮತ್ತೆ ನೀರು ಬಂತು. ಎರಡನೆಯ ಸಲ ಕಂಪ್ಯೂಟರೂ ಮುಳುಗಿತ್ತು. ನೀರಿಳಿದ ಮೇಲೆ ಡಿಸ್ಕನ್ನು ಬಿಚ್ಚಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ, ಅಕ್ಕಿಯೊಳಗೆ ಹೂತಿಟ್ಟು, ಆಮೇಲೆ ಕರೆಂಟು ಕೊಟ್ಟರಂತೆ. ಕರಕರ ಸದ್ದು ಮಾಡಿ ನಿಂತಿತಂತೆ.

ಒಣಗಿಸುವುದು ಸಹಜ ಬುದ್ಧಿ. ಇಲ್ಲಿ ಅದೇ ಕೆಡುಕಾಗುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿನ ಮೈಮೇಲೆ ಉಸಿರಾಟದ ಸಣ್ಣ ತೂತೊಂದಿರುತ್ತದೆ. ಮುಚ್ಚಬೇಡಿ ಎಂದು ಪಕ್ಕದಲ್ಲೇ ಬರೆದಿರುತ್ತಾರೆ. ನೆರೆಯ ನೀರು ಆ ತೂತಿನಿಂದ ಒಳಹೋಗಬಲ್ಲದು, ಜೊತೆಗೆ ಕೆಸರು. ಬಿಸಿಲಿಗಿಟ್ಟರೆ ನೀರು ಆರಿ ಕೆಸರು ತಟ್ಟೆಗೆ ಕಚ್ಚಿಕೊಳ್ಳುತ್ತದೆ. ಓದುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ, ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು. ನಡುವೆ ಒಂದು ಕಣ ಮಣ್ಣು ಸಿಕ್ಕರೆ ಸಾಕು, ತಟ್ಟೆಯ ಲೇಪವನ್ನೇ ಕೆರೆದುಹಾಕುತ್ತದೆ. ನೆನೆದ ಡಿಸ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕರೆಂಟು ತೋರಿಸದೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವವರ ಬಳಿ ಒಯ್ಯಬೇಕು. ಅದಕ್ಕೆ ಬೆಂಗಳೂರು ದಾರಿ, ದುಡ್ಡೂ ಹೆಚ್ಚು.

ಆ ಮನೆಯ ಕಪಾಟಿನಲ್ಲಿ ಕೆಸರು ಮೆತ್ತಿದ ಸಿಡಿಗಳ ಕಟ್ಟೊಂದಿತ್ತು. ಮಗಳ ಮದುವೆಯದು. ಇದನ್ನು ಯಾರೂ ಮುಟ್ಟಿರಲಿಲ್ಲ, ಹೋಯಿತೆಂದೇ ಬಿಟ್ಟಿದ್ದರು. ಸ್ವಚ್ಛ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಹಾಕಿದರೆ ಒಂದನ್ನು ಬಿಟ್ಟು ಉಳಿದವೆಲ್ಲ ಓಡಿದವು. ಒಣಗಿಸಬಾರದ್ದನ್ನು ಒಣಗಿಸಿದ್ದಾರೆ, ತೊಳೆಯಬಹುದಾದ್ದನ್ನು ತೊಳೆದಿಲ್ಲ. ತಪ್ಪು ಅವರದಲ್ಲ. ನೆರೆ ಬಂದಾಗ ದನಕರು, ಕಾಳುಕಡಿ, ರೋಗರುಜಿನದ ಬಗ್ಗೆ ಹಳ್ಳಿಗೆ ತಿಳಿವಳಿಕೆ ತಲುಪುತ್ತದೆ. ಇದರ ಬಗ್ಗೆ ನಾಲ್ಕು ಸಾಲಿನ ಕರಪತ್ರವೂ ತಲುಪಿಲ್ಲ.

ಇಳಕಲ್ಲ

ಸೀರೆ ವ್ಯಾಪಾರಿಯ ಅಂಗಡಿ. ಹೊಸ ಕಂಪ್ಯೂಟರಿಗೆ ಹಳೆಯದರಿಂದ "ಎಲ್ಲಾ" ಕಾಪಿ ಆಗಿದೆ, ಟ್ಯಾಲಿ ತಂತ್ರಾಂಶದ ಲೆಕ್ಕ ಮಾತ್ರ ಇಲ್ಲ. ಟ್ಯಾಲಿ ತನ್ನ ಲೆಕ್ಕವನ್ನು ತನ್ನದೇ ಡೇಟಾ ಫೋಲ್ಡರಿನೊಳಗೆ 10000, 10001 ಎಂಬಂಥ ಹೆಸರಿನಲ್ಲಿ ಇಡುತ್ತದೆ. ಅಂಗಡಿಯ ಹೆಸರು ಹುಡುಕಿದರೆ ಹೇಗೆ ಸಿಕ್ಕೀತು? ನೇಕಾರರ ಕೊಡುವ-ತರುವ ಲೆಕ್ಕ ಅಲ್ಲೇ ಇತ್ತು.

ಈ ಊರಲ್ಲಿ ಫಾರ್ಮ್ಯಾಟ್ ಎಂದರೇನೆಂದು ವಿವರಿಸುವುದು ಸುಲಭವಾಯಿತು. ಇಳಕಲ್ ಸೀರೆಯ ಮೈಯ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಡಿಸ್ಕಿನಲ್ಲೂ ಫೈಲಿನ ತುಂಡುಗಳು ಹಾಗೇ ಒಂದಕ್ಕೊಂದು ಕೊಂಡಿಯಾಗಿರುತ್ತವೆ. ಕ್ವಿಕ್ ಫಾರ್ಮ್ಯಾಟ್ ಹೊಡೆದಾಗ ಕೊಂಡಿಯ ಪಟ್ಟಿ ಹೋಗುತ್ತದೆ, ಎಳೆ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸದೇನೂ ಬರೆಯದಿದ್ದರೆ ಹುಡುಕಿ ಜೋಡಿಸಬಹುದು. ಹಾಗಾಗಿ ಫಾರ್ಮ್ಯಾಟ್ ಆಗಿಹೋದರೆ ಆ ಡಿಸ್ಕಿಗೆ ವಿಂಡೋಸ್ ಹಾಕದೆ ಬದಿಗಿಡಬೇಕು.

ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗೆ ಈ ಮಾತು ನಡೆಯದು. ಅಳಿಸಿದ ಜಾಗವನ್ನು ಅದು ಟ್ರಿಮ್ ಆಜ್ಞೆ ಬಂದೊಡನೆ ತಾನೇ ಗುಡಿಸಿಬಿಡುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗವೂ ಹಲವು ಸಲ ತಾನಾಗಿಯೇ ಬಿದ್ದಿರುತ್ತದೆ. ಬೋರ್ಡ್ ಸತ್ತರೆ 48 ಅಂಕಿಯ ಕೀ ಬೇಕು. ಲ್ಯಾಪ್‌ಟಾಪ್ ಕೊಂಡ ದಿನ ಯಾರ ಇಮೇಲ್ ಹಾಕಿದ್ದರೋ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಕೂತಿರುತ್ತದೆ. ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿಕೊಟ್ಟಿದ್ದರೆ ಅವನನ್ನೇ ಹುಡುಕಬೇಕು.

ಮತ್ತೆ ಬಾಗಲಕೋಟೆ, ಒಂದು ಮನೆ

ಘಟಪ್ರಭೆಗೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿದಾಗ ಹಳೆ ಊರಿನ ತಗ್ಗಿನ ಓಣಿಗಳು ಹೋದವು. ಅಣೆಕಟ್ಟೆಯನ್ನು 2006ರ ಆಗಸ್ಟಿನಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ನೀರಿನ ಮಟ್ಟ 519.60 ಮೀಟರ್. ಈ ಮನೆಯವರು ಹಳೆ ಊರು ಬಿಟ್ಟು ನವನಗರಕ್ಕೆ ಬರುವಾಗ ಬಾಗಿಲ ಚೌಕಟ್ಟು, ತೊಲೆ, ಒಳಕಲ್ಲು ಎಲ್ಲ ತಂದರು. ಮನೆ ಕೆಡವುವ ಮುಂಚೆ ಅಳಿಯ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊ ಮಾತ್ರ ಕಂಪ್ಯೂಟರಿನಲ್ಲೇ ಉಳಿದು, ಅದು ಸತ್ತು, ಒಮ್ಮೆ ಫಾರ್ಮ್ಯಾಟೂ ಆಗಿ, ಅಟ್ಟ ಸೇರಿತ್ತು.

ಮೊಮ್ಮಗ ಡಿಸ್ಕನ್ನು ಮೊದಲು ಇದ್ದಹಾಗೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿದ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ. ಆಮೇಲೆ ನಕಲಿನ ಮೇಲೆ ಫೋಟೊರೆಕ್ ಓಡಿಸಿದ. ಅದು ಕೊಂಡಿಯ ಪಟ್ಟಿಯನ್ನು ನೋಡುವುದೇ ಇಲ್ಲ. ಪ್ರತಿ ಜೆಪೆಗ್ ಫೋಟೊ 'ಎಫ್‌ಎಫ್ ಡಿ8' ಎಂಬ ಗುರುತಿನಿಂದ ಶುರುವಾಗುತ್ತದೆಂದು ತಿಳಿದು ಡಿಸ್ಕನ್ನು ಮೊದಲಿಂದ ಕೊನೆವರೆಗೆ ಜಾಲಾಡುತ್ತದೆ. ಫೋಟೊ ಬಂದವು. ಹೆಸರು ಬರಲಿಲ್ಲ. ಎಫ್ ಅಕ್ಷರ, ಮುಂದೆ ಉದ್ದನೆ ಸಂಖ್ಯೆ. ಒಳಗಿನ ತಾರೀಕು ನೋಡಿದರೆ ಎಲ್ಲವೂ ಜನವರಿ 1. ಕ್ಯಾಮೆರಾದ ಗಡಿಯಾರ ಯಾರೂ ಹೊಂದಿಸಿರಲಿಲ್ಲ.

ಇಲ್ಲಿಂದ ಮುಂದಿನ ಕೆಲಸ ಯಾವ ತಂತ್ರಾಂಶಕ್ಕೂ ಬರುವುದಿಲ್ಲ. ಅಜ್ಜಿ ಮತ್ತು ಅವರ ನೆಗೆಣ್ಣಿ ಟಿವಿಯ ಮುಂದೆ ಕೂತು ಒಂದೊಂದೇ ಫೋಟೊಕ್ಕೆ ಹೆಸರು ಹೇಳುತ್ತಿದ್ದರು. ಹೋಳಿಯ ಹಲಗಿ, ಬಣ್ಣದ ಬಂಡಿ, ಹಿಂದೆ ಒಂದು ಕಟ್ಟೆ. "ಇದು ಕಿಲ್ಲಾ ಓಣ್ಯಾಗಿಂದು." "ಅಲ್ಲ ಯಕ್ಕಾ, ಕಿಲ್ಲಾದಾಗ ಇಂಥಾ ಕಟ್ಟಿ ಎಲ್ಲಿತ್ತು? ಆ ಬಾಗಲಾ ನೋಡು." ಬಾಗಿಲು ನೋಡಿ, ಅದರ ಬಣ್ಣ ನೋಡಿ, ಕಟ್ಟೆಯ ಮೇಲೆ ಕೂತವರ ರುಮಾಲು ನೋಡಿ ಓಣಿ ನಿರ್ಧಾರವಾಯಿತು. "ಬರಕೋ ತಮ್ಮಾ," ಎಂದರು ಅಜ್ಜಿ.

ಫೈಲಿನ ಹೆಸರಲ್ಲೇ ಓಣಿ, ಮನೆತನ ಎರಡನ್ನೂ ಯೂನಿಕೋಡ್ ಕನ್ನಡದಲ್ಲಿ ಬರೆಯಲು ಹುಡುಗನಿಗೆ ಹೇಳಿದೆ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ ಎಂದೂ ಹೇಳಿದೆ. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ; ಏರಿದ ದಿನ ಇನ್ನಷ್ಟು ಓಣಿ, ಹಳ್ಳಿ ಹೋಗುತ್ತವೆ. ನವನಗರದ ಅಟ್ಟಗಳಲ್ಲಿ, ಅಂಗಡಿಯ ಮೂಲೆಗಳಲ್ಲಿ ಇಂಥ ಡಿಸ್ಕುಗಳಿವೆ, ಫೋಟೊ ಗುರುತಿಸಬಲ್ಲ ಅಜ್ಜಿಯರಿನ್ನೂ ಇದ್ದಾರೆ. ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಮೇಜು, ಒಂದು ಕನ್ವರ್ಟರ್ ಕೇಬಲ್, ಕೇಬಲ್ ಸಿಕ್ಕಿಸಲು ಬರುವ ಒಬ್ಬ ಹುಡುಗ ಅಥವಾ ಹುಡುಗಿ ಇಷ್ಟಿದ್ದರೆ ಈ ಬೇಸಗೆಯಲ್ಲೇ ಶುರುಮಾಡಬಹುದು.