ಕವಚದ ದರಪಟ್ಟಿ

ಕರ್ಣನಿಗೆ ಕವಚ ಹುಟ್ಟಿನೊಡನೆಯೇ ಬಂದಿತ್ತು. ಬೆಲೆ ಕೇಳುವ ಪ್ರಮೇಯವೇ ಇರಲಿಲ್ಲ. ಬ್ಯಾಂಕಿನ ಹಣದ ಗಾಡಿಯಲ್ಲಿ ಕೋವಿ ಹಿಡಿದು ಕೂರುವವರಿಗೆ ಆ ಭಾಗ್ಯವಿಲ್ಲ. ಅವರ ಕವಚವನ್ನು ಬೇರೆ ಯಾರೋ ದರಪಟ್ಟಿ ತರಿಸಿ, ಅತಿ ಕಡಿಮೆ ಮೊತ್ತದ ಎದುರು ಗುರುತು ಹಾಕಿ ಕೊಳ್ಳುತ್ತಾರೆ.

ನಾನು ತಿರುಪ್ಪೂರು ಜಿಲ್ಲೆಯ ವೆಳ್ಳಕೋಯಿಲಿನಲ್ಲಿ ಬ್ಯಾಂಕ್ ಗುಮಾಸ್ತ. ಮಗ್ಗಗಳ ಸದ್ದು, ಎಣ್ಣೆ ಗಿರಣಿಗಳ ವಾಸನೆ ತುಂಬಿದ ಊರು. ನಮಗೆ ಮನೆಯಲ್ಲಿ ಕನ್ನಡ, ಕೌಂಟರಿನಲ್ಲಿ ತಮಿಳು, ಕಡತದಲ್ಲಿ ಇಂಗ್ಲಿಷು. ಶಾಖೆಗೆ ನಗದು ತರುವ ಗಾಡಿಯ ಕಾವಲುಗಾರರಲ್ಲಿ ಒಬ್ಬರು ತಾಳವಾಡಿ ಕಡೆಯ ಕನ್ನಡಿಗರು, ಸೈನ್ಯದಿಂದ ನಿವೃತ್ತರಾದವರು. ಅವರ ಏಜೆನ್ಸಿ ಎದೆ–ಬೆನ್ನಿಗೆ ಗುಂಡು ತಡೆಯುವ ಹಲಗೆಗಳನ್ನು ಕೊಳ್ಳಲಿತ್ತು. ಕಾವಲುಗಾರರ ಅಭಿಪ್ರಾಯವನ್ನೂ ಕೇಳಿತ್ತು. ಮೂರು ದರಪಟ್ಟಿಗಳನ್ನು ನನ್ನ ಮೇಜಿನ ಮೇಲಿಟ್ಟು, “ಸಣ್ಣಕ್ಷರದಲ್ಲಿ ಏನೇನೋ ಬರ್ದವ್ರೆ ಸಾರ್, ಒಂದ್ಸಲ ಓದಿ ಹೇಳಿ. ಹಾಕ್ಕೊಳೋನು ನಾನು” ಎಂದರು.

ಓದುತ್ತ ನನಗೆ ಸಾಲಪತ್ರಗಳ ನೆನಪಾಯಿತು. ಅತಿ ಅಗ್ಗದ ಹಲಗೆಯ ಕೆಳಗೆ ಒಂದು ಷರತ್ತಿತ್ತು: ಹಿಂಬದಿಯಲ್ಲಿ ಮೃದು ಕವಚವಿದ್ದರೆ ಮಾತ್ರ ಹೇಳಿದಷ್ಟು ರಕ್ಷಣೆ. ಆ ಮೃದು ಕವಚದ ಬೆಲೆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನೂ ಕೂಡಿಸಿದರೆ ಅಗ್ಗದ್ದು ಎರಡನೆಯದಕ್ಕಿಂತ ದುಬಾರಿ!

ಮೃದು ಕವಚವೂ ನೇಯ್ಗೆಯದೇ. 1965ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಎಂಬ ಮಹಿಳೆ ನಡೆಸಿದ ಶೋಧದಿಂದ ಬಂದ ಕೆವ್ಲಾರ್ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಜೋಡಿಸುತ್ತಾರೆ. ಅದು ಪಿಸ್ತೂಲಿನ ಗುಂಡನ್ನು ಹಿಡಿದು ನಿಲ್ಲಿಸುತ್ತದೆ. ರೈಫಲಿನ ಗುಂಡಿಗೆ ಹಲಗೆ ಬೇಕು. ಉಕ್ಕಿನ ಹಲಗೆ ಅಗ್ಗ, ಆದರೆ ಬಲು ಭಾರ. ಸಿಡಿದ ಗುಂಡಿನ ಚೂರುಗಳು ಗಂಟಲಿಗೂ ತೋಳಿಗೂ ಹಾರುವ ಭಯ ಬೇರೆ. ಸೆರಾಮಿಕ್ ಹಲಗೆ ಹಗುರ, ಗುಂಡಿನ ಮೂತಿಯನ್ನೇ ಪುಡಿಮಾಡುತ್ತದೆ. ಆದರೆ ಕೈಜಾರಿ ಬಿದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಪಾಲಿಎಥಿಲೀನ್ ಇನ್ನೂ ಹಗುರ. ಉಕ್ಕಿನ ತಿರುಳಿನ ಗುಂಡಿಗೆ ಅದೊಂದನ್ನೇ ನಂಬುವಂತಿಲ್ಲ, ಅತಿ ಬಿಸಿಯೂ ಅದಕ್ಕೆ ಆಗದು.

ಯಾವುದು ಯಾವ ಗುಂಡಿಗೆ ಎಂದು ತಿಳಿಯಲು ಭಾರತೀಯ ಮಾನಕ ಬ್ಯೂರೋದ ಐಎಸ್ 17051 ಎಂಬ ಮಾನದಂಡ 2018ರಿಂದ ಇದೆ. ಅದರಲ್ಲಿ ಆರನೆಯ ಹಂತವೇ ಅತಿ ಮೇಲಿನದು. ಅದೇ ವರ್ಷ ನಮ್ಮ ಭೂಸೇನೆಗೆ 1.86 ಲಕ್ಷ ಜಾಕೆಟುಗಳಿಗೆ 639 ಕೋಟಿ ರೂಪಾಯಿಯ ಒಪ್ಪಂದವಾಯಿತು. ಗುಮಾಸ್ತನ ಲೆಕ್ಕದಲ್ಲಿ ಒಂದಕ್ಕೆ ಸುಮಾರು 34 ಸಾವಿರ. ಅದು ಸಗಟು ದರ. ಹತ್ತಿಪ್ಪತ್ತು ಜೊತೆ ಕೊಳ್ಳುವವರಿಗೆ ಅದಕ್ಕಿಂತ ತೀರಾ ಕಡಿಮೆಗೆ ಸಿಕ್ಕಿತೆಂದರೆ ಹಿಗ್ಗುವ ಮೊದಲು ವಿಚಾರಿಸಬೇಕು.

ಹಾಗಾದರೆ ಉಳಿತಾಯ ಎಲ್ಲಿ? ಹೊರಚೀಲದ ಬಣ್ಣದಲ್ಲಿ, ಜೇಬುಗಳಲ್ಲಿ, ಹೆಸರಾಂತ ಗುರುತಿನಲ್ಲಿ ಉಳಿಸಬಹುದು. ಒಂದೆರಡು ಕಿಲೋ ಭಾರ ಹೆಚ್ಚಾದರೂ ಸಹಿಸಬಹುದು. ಆದರೆ ರಕ್ಷಣೆಯ ಹಂತದಲ್ಲಿ, ಪರೀಕ್ಷೆಯ ಪ್ರಮಾಣಪತ್ರದಲ್ಲಿ, ತಯಾರಿಕೆಯ ದಿನಾಂಕದಲ್ಲಿ, ಗಂಟಲ ಕುಳಿಯಿಂದ ಹೊಕ್ಕುಳಿನ ಮೇಲಿನವರೆಗೆ ಮುಚ್ಚಬೇಕಾದ ಅಳತೆಯಲ್ಲಿ ಚೌಕಾಸಿ ಸಲ್ಲದು. ಕಾಸರಗೋಡಿನ ಓದುಗರಿಗೆ ಯಕ್ಷಗಾನದ ಎದೆಕಟ್ಟು ಗೊತ್ತು. ರಂಗಸ್ಥಳದಲ್ಲಿ ಅದು ಹೊಳೆದರೆ ಸಾಕು. ಹಣದ ಗಾಡಿಯಲ್ಲಿ ಸಾಲದು.

ಇಷ್ಟನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಅದನ್ನು ತಮಿಳಿನಲ್ಲಿ ಮೇಲಿನವರಿಗೆ ವಿವರಿಸಿದರು. ಏಜೆನ್ಸಿ ಪ್ರಮಾಣಪತ್ರ ಕೇಳಿದಾಗ ಅಗ್ಗದವನು ಉತ್ತರಿಸಲಿಲ್ಲ, ಎರಡನೆಯವನು ಕಳುಹಿಸಿದ. ಅವನದೇ ಬಂತು. “ಭಾರ ಐತೆ ಸಾರ್, ಆದ್ರೆ ಮನೇವ್ಳು ಈಗ ನೆಮ್ಮದಿಯಾಗವ್ಳೆ” ಎಂದರು.

ನಮ್ಮ ಕನ್ನಡದ ಮನೆಗಳಿಂದ ಎಷ್ಟೋ ಹುಡುಗರು ಪರಭಾಷೆಯ ಊರುಗಳಲ್ಲಿ ಕಾವಲಿಗೆ ನಿಂತಿದ್ದಾರೆ. ರಜೆಗೆ ಬಂದಾಗ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತೇವೆ. ಜಾಕೆಟಿನ ಒಳಗಿನ ಚೀಟಿಯಲ್ಲಿ ಏನು ಬರೆದಿದೆ ಎಂದೂ ಕೇಳೋಣ. ಅವರಿಗೆ ಓದಲು ಬಾರದಿದ್ದರೆ ನಾವು ಓದಿ ಹೇಳೋಣ.